ಬೆಲ್ ಇಲ್ಲದ ಸೈಕಲ್

ಆ ಭಾನುವಾರ ಸಂಜೆ ಮಳೆ ನಮ್ಮನ್ನು ತಡೆದು ಕೂರಿಸಿದ್ದು ಗೆರೆ ಅಜ್ಜಿಯ ಅಂಗಡಿಯಲ್ಲಿ.

ನಾವು ಐದು ಜನ ಹಳೇ ಸೈಕಲ್ಲಿನ ಹುಚ್ಚು ಹತ್ತಿಸಿಕೊಂಡವರು. ಹಲ್ಲಿನ ಡಾಕ್ಟರು, ಲೆಕ್ಕದ ಟೀಚರು, ಬಣ್ಣದ ಅಂಗಡಿಯ ಅಣ್ಣತಮ್ಮಂದಿರು, ಮತ್ತೆ ನಾನು. ವಾರವೆಲ್ಲ ಅವರವರ ಪಾಡು. ಭಾನುವಾರ ಬಂತೆಂದರೆ ನಮ್ಮ ತಾತಂದಿರ ವಯಸ್ಸಿನ ಸೈಕಲ್ಲುಗಳನ್ನು ಒರೆಸಿ, ಎಣ್ಣೆ ಬಿಟ್ಟು, ರಸ್ತೆಗಿಳಿಯುತ್ತೇವೆ, ಹಿಂದೆ ಬರುವ ಲಾರಿಯವರಿಂದ ಬೈಸಿಕೊಳ್ಳುತ್ತೇವೆ, ಸುಖವಾಗಿರುತ್ತೇವೆ. ಎಲ್ಲಿಂದ ಯಾವ ಸೈಕಲ್ ತಂದರೂ ಕೊನೆಗೆ ಅದು ಹೋಗಿ ನಿಲ್ಲುವುದು ಈ ಅಜ್ಜಿಯ ಮುಂದೆ. ಕಪ್ಪು ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣಗೆ ಚಿನ್ನದ ಗೆರೆ ಎಳೆಯುತ್ತಾರಲ್ಲ, ಅದನ್ನು ಅಚ್ಚಿಲ್ಲದೆ, ಪಟ್ಟಿ ಅಂಟಿಸದೆ, ಬರೀ ಕೈಯಲ್ಲಿ ಎಳೆಯುವವರು ನಮಗೆ ಗೊತ್ತಿದ್ದಂತೆ ಅವರೊಬ್ಬರೇ. ಎಂಬತ್ತೆರಡು ವರ್ಷ. ಲೋಟ ಹಿಡಿದರೆ ಕೈ ನಡುಗುತ್ತದೆ. ಕುಂಚ ಹಿಡಿದರೆ ನಡುಗುವುದಿಲ್ಲ.

ಉದ್ದನೆಯ ಕೋಣೆ. ತೊಲೆಗೆ ಸಾಲಾಗಿ ನೇತುಹಾಕಿದ ಚಕ್ರಗಳು, ಗೋಡೆಯ ಮೊಳೆಗಳಲ್ಲಿ ತುಕ್ಕಿನ ಹ್ಯಾಂಡಲ್ಲುಗಳು, ಸೀಮೆಎಣ್ಣೆಯ ಡಬ್ಬದಲ್ಲಿ ನೆನೆಹಾಕಿದ ಚೈನು. ತಗಡಿನ ಚಾವಣಿಯ ಮೇಲೆ ಮಳೆ ಒಂದೇ ಸಮ ಹುಯ್ಯುತ್ತಿತ್ತು. ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಒಂದು ಎತ್ತರದ ಕಪ್ಪು ಸೈಕಲ್ ನಿಂತಿರುತ್ತದೆ, ನಾವೆಲ್ಲ ಎಷ್ಟೋ ಸಲ ನೋಡಿದ್ದೇವೆ, ಅಜ್ಜಿ ಅದರ ಮಾತೆತ್ತಿದವರಲ್ಲ. ಆವತ್ತು ಬೇರೆ ಕೆಲಸವಿಲ್ಲದೆ ಡಾಕ್ಟರು ಟಾರ್ಚು ಹಿಡಿದು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತರು. ಚೈನು ಓಡುವ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಇದಕ್ಕೆ ಎಪ್ಪತ್ತಾದರೂ ದಾಟಿದೆ ಅಂದರು.

"ಹಲ್ಲು ನೋಡಿ ವಯಸ್ಸು ಹೇಳೋಕೆ ಅದೇನು ಎತ್ತಾ ಡಾಕ್ಟ್ರೇ?" ಅಂದರು ಅಜ್ಜಿ. ನಾವು ನಕ್ಕೆವು.

ಡಾಕ್ಟರು ಬಿಡಲಿಲ್ಲ. "ಎಲ್ಲಾ ಜೋಡಿಸಿದ್ದೀರಿ, ಬೆಲ್ ಒಂದನ್ನ ಬಿಟ್ಟಿದ್ದೀರಲ್ಲ ಅಜ್ಜಿ? ನನ್ನ ಹತ್ರ ಆ ಕಾಲದ್ದೇ ಒಂದಿದೆ, ಹಿತ್ತಾಳೆದು. ಮುಂದಿನ ವಾರ ತರ್ಲಾ?"

ಅಜ್ಜಿ ಕುಂಚವನ್ನು ಬಟ್ಟೆಯಲ್ಲಿ ಒರೆಸಿ ಪಕ್ಕಕ್ಕಿಟ್ಟರು. ಮುಖದ ನಗು ಹೋಗಿತ್ತು.

"ಬೇಡಪ್ಪ. ಅದಕ್ಕೆ ಬೆಲ್ ಬೇಕಾಗಿಲ್ಲ... ವಯಸ್ಸು ಕೇಳಿದ್ರಲ್ಲ, ಯಾವುದರ ವಯಸ್ಸು ಹೇಳ್ಲಿ? ಚೌಕಟ್ಟು ನಾನು ಹುಟ್ಟೋಕ್ಕಿಂತ ಮುಂಚಿಂದು, ಪೆಡಲ್ ಅಚ್ಚಿನ ಕೆಳಗೆ ನಂಬರ್ ಇದೆ, ನೋಡ್ಕೊಳ್ಳಿ. ಹಿಂದಿನ ಹಬ್ಬು ನಾನು ಮದುವೆಯಾದ ವರ್ಷದ್ದು, ಅದರ ಮೈಮೇಲೇ ವರ್ಷ ಒತ್ತಿದ್ದಾರೆ. ಸೀಟಿನ ಚರ್ಮ ಇಪ್ಪತ್ತೆಂಟು ವರ್ಷದ್ದು. ಆ ಚರ್ಮದ ಮೇಲೆ ಎಡಗಡೆ ಒಂದು ತಗ್ಗು ಬಿದ್ದಿದೆ ನೋಡಿ... ಅದರ ವಯಸ್ಸು ಮಾತ್ರ ನನಗೆ ಹೇಳೋಕೆ ಬರೋದಿಲ್ಲ. ಕೂತ್ಕೊಳ್ಳಿ ಎಲ್ರೂ. ಈ ಮಳೆ ಈಗ ಬಿಡೋದಲ್ಲ."

ನಾವು ಸ್ಟೂಲು, ಟೈರಿನ ರಾಶಿ, ಮರದ ಪೆಟ್ಟಿಗೆ, ಸಿಕ್ಕಿದ್ದರ ಮೇಲೆ ಕೂತೆವು. ಅಜ್ಜಿ ಶುರು ಮಾಡಿದರು.

*

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಇಪ್ಪತ್ತೆರಡು ನನಗೆ. ಅತ್ತೆ ಇರ್ಲಿಲ್ಲ. ಮಾವ, ನಮ್ಮವರು, ಇಬ್ಬರೇ. ಇಬ್ಬರೂ ಮಾತಾಡ್ತಿದ್ದದ್ದು ಸ್ಪ್ಯಾನರಿನ ಜೊತೆ ಮಾತ್ರ. ನಾನೋ, ನಮ್ಮಮ್ಮನ ಮನೇಲಿ ಏಳು ಜನ ಅಕ್ಕತಂಗಿಯರ ಮಧ್ಯೆ ಬಾಯಿ ಮುಚ್ಚದೆ ಬೆಳೆದವಳು. ಇಲ್ಲಿ ಬಂದು ನಾನು ಏನಾದ್ರೂ ಹೇಳಿದ್ರೆ ಗೋಡೆ ಕೇಳ್ಬೇಕು. ಮಾವ ಪಾಪ, ಒಳ್ಳೆಯವರು, ನನ್ನ ಕೈ ನಿಲ್ಲೋದನ್ನ ನೋಡಿ ಗೆರೆ ಎಳೆಯೋದು ಕಲಿಸಿಕೊಟ್ರು. ಉಸಿರು ಅರ್ಧ ಬಿಟ್ಟು ಹಿಡ್ಕೋಬೇಕು, ಕುಂಚ ನೋಡಬಾರದು, ಗೆರೆ ಎಲ್ಲಿ ಹೋಗ್ಬೇಕೋ ಅಲ್ಲಿ ನೋಡ್ಬೇಕು... ಇಷ್ಟೇ ಪಾಠ. ಅದನ್ನ ಹೇಳೋಕೇ ಅವರಿಗೆ ಒಂದು ತಿಂಗಳು ಹಿಡೀತು, ಅಷ್ಟು ಕಡಿಮೆ ಮಾತು.

ಆಗ ಊರಲ್ಲಿ ಎರಡು ಟಾಕೀಸು. ಕಾಲುವೆ ರಸ್ತೆಯ ಆ ತುದಿಗೊಂದು, ಈ ತುದಿಗೊಂದು. ಮೇಲಿನ ಟಾಕೀಸು, ಕೆಳಗಿನ ಟಾಕೀಸು ಅಂತಿದ್ವಿ. ಸಿನಿಮಾ ಬರ್ತಿದ್ದದ್ದು ಎರಡಕ್ಕೂ ಸೇರಿ ಒಂದೇ ಪ್ರತಿ. ಅಲ್ಲಿ ಮುಗಿದ ರೀಲು ಹತ್ತು ನಿಮಿಷದಲ್ಲಿ ಇಲ್ಲಿಗೆ ಬರ್ಬೇಕು, ಇಲ್ಲಿ ಮುಗಿದದ್ದು ಅಲ್ಲಿಗೆ ಹೋಗ್ಬೇಕು. ಆ ಡಬ್ಬಿಗಳನ್ನ ಸೈಕಲ್ ಮೇಲೆ ಹೊತ್ತು ಓಡಾಡೋಕೆ ಒಬ್ಬ ಆಳು ಇದ್ದ. ರೀಲಣ್ಣ ಅಂತಿದ್ವಿ. ನಿಜವಾದ ಹೆಸರು ಹೆಂಡತಿಗೆ ಗೊತ್ತಿತ್ತೇನೋ, ನಮಗಂತೂ ಗೊತ್ತಿರ್ಲಿಲ್ಲ. ಕಡ್ಡಿಯಂಥ ಆಳು, ಎಡಗಾಲು ಎರಡು ಬೆರಳಷ್ಟು ಗಿಡ್ಡ. ಹಾಗಾಗಿ ಸೀಟಿನ ಮೇಲೆ ಯಾವಾಗ್ಲೂ ಎಡಕ್ಕೆ ವಾಲಿಕೊಂಡೇ ಕೂರ್ತಿದ್ದ. ಚರ್ಮದ ಸೀಟು ನಿಮಗೆ ಗೊತ್ತಲ್ಲ, ಕೂತವರ ಮೈಯ ಅಚ್ಚು ಹಿಡ್ಕೊಳ್ಳುತ್ತೆ. ಅವನ ಸೀಟಿನ ಎಡಭಾಗ ಬಟ್ಟಲಿನ ಹಾಗೆ ತಗ್ಗಾಗಿತ್ತು. ಬೇರೆ ಯಾರೂ ಆ ಸೈಕಲ್ ಹತ್ತೋಕಾಗ್ತಿರ್ಲಿಲ್ಲ, ಜಾರಿಬಿಡೋರು. ಡಬ್ಬಿ ಇಡೋಕೆ ಹಿಂದೆ ಕ್ಯಾರಿಯರ್ ಮೇಲೆ ಅಂಚಿರೋ ಕಬ್ಬಿಣದ ತಟ್ಟೆಯೊಂದನ್ನ ನಮ್ಮವರೇ ಬೆಸೆದು ಕೊಟ್ಟಿದ್ರು. ಗೆರೆ ನಾನು ಎಳೆದಿದ್ದೆ. ನಾನು ಪೂರ್ತಿಯಾಗಿ ಒಬ್ಬಳೇ ಎಳೆದ ಮೊದಲನೇ ಸೈಕಲ್ ಅದು.

ಒಂದು ತಮಾಷೆ ಕೇಳಿ. ಹಗಲೂ ಸಂಜೆ ಸಿನಿಮಾನೇ ಹೊತ್ತು ತಿರುಗೋ ಮನುಷ್ಯ, ಒಂದು ಸಿನಿಮಾನೂ ಪೂರ್ತಿ ನೋಡಿದವನಲ್ಲ. ಡಬ್ಬಿ ಕೊಟ್ಟು, ಐದು ನಿಮಿಷ ಬಾಗಿಲ ಸಂದಿಯಿಂದ ನೋಡಿ, ಮತ್ತೆ ಹೊರಡಬೇಕು. ಮನೆಗೆ ಹೋದ್ರೆ ಹೆಂಡತಿ ಕತೆ ಏನಾಯ್ತು ಅಂತ ಕೇಳೋಳು. ಇವನು ಗೊತ್ತಿಲ್ಲ ಅನ್ನೋಕೆ ನಾಚಿಕೆಪಟ್ಕೊಂಡು ತನಗೆ ತೋಚಿದ ಹಾಗೆ ಮುಗಿಸೋನು. ಎಲ್ಲರಿಗೂ ಒಳ್ಳೇದೇ ಮಾಡೋನು. ಆಯಮ್ಮ ಹೊಲಿಗೆ ಕೆಲಸದವಳು, ನಮ್ಮ ಹಿಂದಿನ ಬೀದಿ. ನಾವೆಲ್ಲ ಹೊಲಿಗೆ ಅಕ್ಕ ಅಂತಿದ್ವಿ. ಬಟ್ಟೆ ಹೊಲಿಸೋಕೆ ಬಂದ ಹೆಂಗಸರಿಗೆ ಅದೇ ಕತೆ ಹೇಳೋಳು. ಅವರು ಟಾಕೀಸಿಗೆ ಹೋಗಿ ನೋಡಿದ್ರೆ ಬೇರೇನೇ ಇರೋದು... ಬಂದು ಜಗಳ ಆಡೋರು. ಮೂರು ವರ್ಷದ ಒಂದು ಹೆಣ್ಣು ಮಗು ಇತ್ತು. ಚೆನ್ನಾಗಿದ್ರು.

ಆಮೇಲೆ ಆ ಸಂಜೆ ಬಂತು.

ಮಳೆ... ಇವತ್ತಿನ ಥರಾನೇ. ಏಳು ಗಂಟೆಗೆ ಕೆಳಗಿನ ಟಾಕೀಸಿಗೆ ಸೇರಬೇಕಾದ ರೀಲು ಸೇರ್ಲಿಲ್ಲ. ಏಳೂಕಾಲಾಯ್ತು, ಏಳೂವರೆ ಆಯ್ತು. ಒಳಗೆ ಜನ ಕತ್ತಲಲ್ಲಿ ಕೂತು ಕೂತು, ಕೂಗಾಡಿ, ಕುರ್ಚಿ ಮುರಿದು, ಕೊನೆಗೆ ಹೊರಗೆ ಬಂದ್ರು. ಟಾಕೀಸು ನಮ್ಮ ಅಂಗಡಿಗೆ ಹತ್ತೇ ಹೆಜ್ಜೆ. ಮ್ಯಾನೇಜರ್ ಕೊಡೆ ಹಿಡ್ಕೊಂಡು ಬಂದು, ರೀಲಣ್ಣ ಈ ಕಡೆ ಏನಾದ್ರೂ ಬಂದ್ನಾ, ಪಂಕ್ಚರ್ ಏನಾದ್ರೂ ಆಯ್ತಾ ಅಂತ ಕೇಳ್ದ. ಮಾವ ತಲೆ ಅಲ್ಲಾಡಿಸಿದ್ರು. ನಮ್ಮವರೂ ತಲೆ ಅಲ್ಲಾಡಿಸಿದ್ರು.

ನಾನು ಬಾಗಿಲಲ್ಲಿ ನಿಂತಿದ್ದೆ. ಸುಮ್ನೆ ಇರಬಹುದಿತ್ತಲ್ವಾ? ಸುಮ್ನಿರ್ಲಿಲ್ಲ.

ಸ್ವಲ್ಪ ಹೊತ್ತಿಗೆ ಮುಂಚೆ ಮನೆ ಮಹಡಿ ಕಿಟಕಿ ಹಾಕುವಾಗ, ಸ್ಟೇಷನ್ ಕಡೆಗೆ ಒಂದು ಸೈಕಲ್ ಹೋಗಿದ್ದನ್ನ ನೋಡಿದ್ದೆ. ಹಿಂದೆ ಒಬ್ಬ ಹೆಂಗಸು ಕೊಡೆ ಹಿಡ್ಕೊಂಡು ಕೂತಿದ್ದಳು. ಮಳೇಲಿ ಮುಖ ಕಾಣ್ಸಲ್ಲ, ಏನೂ ಕಾಣ್ಸಲ್ಲ. ನಾನು ಅಂದೆ, ಅವನ ಥರ ಒಬ್ಬ ಸ್ಟೇಷನ್ ಕಡೆ ಹೋದ... ಹಿಂದೆ ಯಾರೋ ಹೆಂಗಸು ಇದ್ಳು. ಅಷ್ಟೇ ಅಂದದ್ದು. ಜನ ಎಲ್ಲಾ ನನ್ನ ಕಡೆ ತಿರುಗಿದ್ರು. ಟಾಕೀಸಿನ ಟಿಕೆಟ್ ಕೊಡೋ ಹುಡುಗಿ ಅವತ್ತು ಬೆಳಿಗ್ಗೆ ಕೆಲಸ ಬಿಟ್ಟಿದ್ದಳಂತೆ, ಯಾರೋ ಅಂದ್ರು, ಓಹೋ ಹಾಗಾ ವಿಷಯ ಅಂತ. ಮತ್ತೊಬ್ಬ ಓಡಿ ಬಂದು ನನ್ನನ್ನೇ ಕೇಳ್ದ, ನೀವು ನೋಡಿದ್ರಂತೆ? ಇನ್ನೊಬ್ಬ ಕೇಳ್ದ. ಪೊಲೀಸಿನವನು ಬಂದು ಕೇಳ್ದ. ಒಂದು ಸಲ ಹೇಳ್ದೆ, ಎರಡು ಸಲ ಹೇಳ್ದೆ, ಮೂರನೇ ಸಲಕ್ಕೆ... "ಥರ" ಅನ್ನೋ ಮಾತು ಬಿಟ್ಟುಹೋಗಿತ್ತು.

ಯಾಕೆ ಬಿಟ್ಟೆ ಅಂತ ಕೇಳ್ಬೇಡಿ. ಕೇಳ್ಬೇಡಿ ಅಂದ್ರೂ ನಾನೇ ಹೇಳ್ತೀನಿ. ಈ ಊರಿಗೆ ಬಂದ ಮೇಲೆ ಮೊದಲನೇ ಸಲ ಹತ್ತು ಜನ ನಿಂತು ನನ್ನ ಮಾತು ಕೇಳ್ತಿದ್ರು. ಅಷ್ಟೇ. ಅವನ ಮೇಲೆ ದ್ವೇಷವಾ, ಏನೂ ಇಲ್ಲ.

ಆ ಕಬ್ಬಿಣದ ತಟ್ಟೆ ಮೇಲೆ ಹೆಂಗಸು ಹೇಗೆ ಕೂರ್ತಾಳೆ ಅಂತ ಒಬ್ಬರಾದ್ರೂ ಕೇಳ್ಬೇಕಲ್ಲ? ಒಬ್ಬರೂ ಕೇಳ್ಲಿಲ್ಲ. ಬೆಸೆದು ಕೊಟ್ಟ ನಮ್ಮವರೂ ಕೇಳ್ಲಿಲ್ಲ.

ಎಂಟು ಗಂಟೆಗೆ ಕಾಲುವೆ ತೂಬು ಕಾಯೋ ಮುದುಕ ಬಂದ, ಮೈಯೆಲ್ಲ ನೆನೆದು ತೊಪ್ಪೆ. ರಸ್ತೆ ಕಾಲುವೆ ದಾಟೋ ಮೋರಿ ಕಡೆಯಿಂದ ಯಾರೋ ಒಂದೇ ಸಮ ಸೈಕಲ್ ಬೆಲ್ ಹೊಡೀತಿದ್ದಾರೆ, ನನ್ನ ಕಣ್ಣು ಸರಿಯಿಲ್ಲ, ಯಾರಾದ್ರೂ ಬಂದು ನೋಡ್ತೀರಾ ಅಂದ. ಜನ ನಕ್ಕುಬಿಟ್ರು. ಅವನು ಆಗ್ಲೇ ರೈಲು ಹತ್ತಿರ್ತಾನೆ ತಾತ, ಈಯಮ್ಮ ಕಣ್ಣಾರೆ ನೋಡಿದ್ದಾರೆ, ಹೋಗಿ ಬೆಚ್ಚಗೆ ಮಲಗು ಅಂದ್ರು. ಅವನು ನನ್ನ ಮುಖ ನೋಡ್ದ. ನಾನು... ತಲೆ ಆಡಿಸ್ದೆ.

ಹೌದು ಅಂತ.

ಎಲ್ಲರೂ ಸ್ಟೇಷನ್ ಕಡೆ ಓಡಿದ್ರು. ಮುದುಕ ವಾಪಸ್ ಹೋದ. ಒಂಬತ್ತು ಗಂಟೆಗೆ ತೂಬು ಎತ್ತಿ ನೀರು ಬಿಡಬೇಕು ಅಂತ ಅವನಿಗೆ ಆರ್ಡರ್ ಇತ್ತು. ಎತ್ತಿದ.

*

ಅಜ್ಜಿ ನಿಲ್ಲಿಸಿದರು. ಟೀಚರು ನೀರಿನ ಲೋಟ ಮುಂದೆ ಮಾಡಿದರು. ಅಜ್ಜಿ ಎರಡೂ ಕೈಯಲ್ಲಿ ಹಿಡಿದು ಕುಡಿದರು. ಮಳೆಯ ಸದ್ದಿಗೆ ಅವರೇ ದನಿ ಏರಿಸಿ ಮುಂದುವರಿಸಿದರು.

*

ಹೊಲಿಗೆ ಅಕ್ಕ ಆವತ್ತು ಟಾಕೀಸಿನ ತನಕ ಬಂದಿದ್ದಳು. ಯಾರೋ ಹೇಳಿದ್ರು ಅವಳಿಗೆ. ಮಗುನ ಎತ್ಕೊಂಡು ಬಂದ ದಾರೀಲೇ ವಾಪಸ್ ಹೋಗಿ ಬಾಗಿಲು ಹಾಕ್ಕೊಂಡ್ಳು. ಅಳಲಿಲ್ಲ, ಯಾರ ಹತ್ರಾನೂ ಏನೂ ಕೇಳ್ಲಿಲ್ಲ. ವಾರದ ಮೇಲೆ ಬಾಗಿಲು ತೆಗೆದು ಮಿಷನ್ ಮುಂದೆ ಕೂತ್ಳು. ಅವನ ಅಂಗಿ ಎಲ್ಲ ಬಿಚ್ಚಿ ಮಗೂಗೆ ಫ್ರಾಕ್ ಹೊಲಿದ್ಳು ಅಂತ ಜನ ಅಂದ್ರು. ಆ ಮಗು ಸ್ಕೂಲಿಗೆ ಹೋದ್ರೆ ಬೇರೆ ಮಕ್ಕಳು, ನಿಮ್ಮಪ್ಪ ರೀಲ್ ಕದ್ದ, ನಿಮ್ಮಪ್ಪ ಓಡಿಹೋದ ಅಂತ ಹಾಡು ಕಟ್ಟಿ ಹೇಳೋವು. ಟಿಕೆಟ್ ಕೊಡೋ ಹುಡುಗಿ ಅವಳ ಅಕ್ಕನ ಮನೇಲಿ ಇದ್ದಾಳೆ, ಒಬ್ಬಳೇ ಇದ್ದಾಳೆ ಅಂತ ಆರು ತಿಂಗಳ ಮೇಲೆ ಸುದ್ದಿ ಬಂತು. ಅಷ್ಟು ಹೊತ್ತಿಗೆ ಯಾರಿಗೂ ಅದು ಬೇಕಾಗಿರ್ಲಿಲ್ಲ. ಹಾಗಾದ್ರೆ ಬೇರೆ ಯಾರ ಜೊತೆಗೋ ಹೋಗಿರ್ಬೇಕು ಅಂದ್ರು, ಮುಗೀತು.

ನಾನು? ನಾನು ಗೆರೆ ಎಳೀತಾ ಇದ್ದೆ. ನನ್ನ ಮನಸ್ಸು ಒಂದೊಂದು ಸಲ ಕೇಳೋದು, ನೀನು ನೋಡಿದ್ದು ಅವನನ್ನೇನಾ? ಹೌದು ಅಂತ ಹೇಳ್ಕೊಂಡು ಹೇಳ್ಕೊಂಡು, ಕೊನೆಗೆ ಮಳೇಲಿ ಅವನ ಮುಖಾನೇ ನನಗೆ ಕಾಣೋಕೆ ಶುರುವಾಯ್ತು. ಹೀಗೆ ಎಷ್ಟು ವರ್ಷ ಅಂತೀರಿ? ಮೂವತ್ತೊಂದು ವರ್ಷ. ಮಾವ ತೀರ್ಕೊಂಡ್ರು. ಟಾಕೀಸುಗಳು ಎರಡೂ ಮುಚ್ಚಿದ್ವು. ನಾವು ಹೊಸ ಸೈಕಲ್ ರಿಪೇರಿ ಬಿಟ್ಟು, ಹಳೇದನ್ನ ಹಳೇದರ ಹಾಗೇ ಮಾಡಿಕೊಡೋ ಕೆಲಸ ಹಿಡ್ಕೊಂಡಿದ್ವಿ.

ಆಗ ಕಾಲುವೆ ದುರಸ್ತಿಗೆ ಅಂತ ನೀರು ಪೂರ್ತಿ ನಿಲ್ಲಿಸಿ, ಮೋರಿ ಕೆಳಗೆ ಯಾವತ್ತೂ ಒಣಗದ ಒಂದು ಗುಂಡಿ ಇತ್ತು, ಅದಕ್ಕೆ ಮಿಷನ್ ಹಾಕಿ ಹೂಳು ಎತ್ತಿದ್ರು. ಗುಜರಿಯವನು ಒಂದು ಕೆಸರಿನ ಮುದ್ದೆ ತಂದು ಇದೇ ಬಾಗಿಲ ಮುಂದೆ ಹಾಕ್ದ. ಹಳೇ ಸೈಕಲ್ಲು, ನಿಮ್ಮ ಕೆಲಸಕ್ಕೆ ಬರ್ಬಹುದು ಅಂದ. ನಮ್ಮವರು ನೀರು ಹುಯ್ದು ತೊಳೆದ್ರು. ನೀವು ಹೇಗೆ ಮಾಡ್ತೀರೋ ಹಾಗೇ, ಮೊದಲು ಬುಡ ಮೇಲು ಮಾಡಿ ಪೆಡಲ್ ಅಚ್ಚಿನ ಕೆಳಗೆ ನಂಬರ್ ಹುಡುಕಿದ್ರು, ಅರ್ಧ ಸಿಕ್ತು. ಒಳ್ಳೇ ಹಳೇ ಮಾಲು ಕಣೇ ಅಂತ ಖುಷಿಪಟ್ರು. ಹಿಂದಿನ ಹಬ್ಬು ಉಜ್ಜಿದ್ರು, ವರ್ಷ ಕಾಣ್ತು. ಇದೇನು, ಚೌಕಟ್ಟು ಅಷ್ಟು ಹಳೇದು, ಹಬ್ಬು ಹೊಸದು, ಯಾರೋ ಬದಲಾಯಿಸಿದ್ದಾರೆ ಅಂದ್ರು. ಹ್ಯಾಂಡಲ್ ಬುಡದಲ್ಲಿ ಹಿತ್ತಾಳೆ ಬಿಲ್ಲೆ. ಆಗ ಪ್ರತಿ ಸೈಕಲ್ಲಿಗೂ ವರ್ಷ ವರ್ಷ ಲೈಸೆನ್ಸ್ ಬಿಲ್ಲೆ ಹಾಕಿಸ್ಬೇಕಿತ್ತು. ಆ ಬಿಲ್ಲೆ ಮೇಲಿನ ವರ್ಷ ಓದಿದ್ರು. ರೀಲಣ್ಣ ಕಾಣೆಯಾದ ವರ್ಷ. ಹಿಂದಿನ ಕಬ್ಬಿಣದ ತಟ್ಟೆ ಮೇಲಿನ ಕೆಸರು ಬೆರಳಲ್ಲಿ ತೆಗೆದ್ರು... ಅವರು ಬೆಸೆದದ್ದು. ಅದರ ಮೇಲೆ ಎರಡು ಡಬ್ಬಿ, ಪಟ್ಟಿ ಬಿಗಿದದ್ದು ಬಿಗಿದ ಹಾಗೇ ಇತ್ತು. ಒಳಗೆ ಡಾಂಬರಿನಂಥ ಕಪ್ಪು ಮುದ್ದೆ.

ನಾನು ಮಾತ್ರ ಇನ್ನೂ ಒಪ್ಕೊಳ್ಳೋಕೆ ತಯಾರಿಲ್ಲ. ಇರಬಹುದು, ಇಲ್ಲದೇ ಇರಬಹುದು ಅಂತಿದ್ದೆ. ಆಮೇಲೆ ಅವರು ದೀಪದ ಹಿಡಿ ಬಿಚ್ಚಿದ್ರು. ಆ ಹಿಡಿ ಕಚ್ಚಿಕೊಂಡಿದ್ದ ಜಾಗದಲ್ಲಿ ನೀರು ಹೋಗಿರ್ಲಿಲ್ಲ. ಒಂದಂಗುಲ ಕಪ್ಪು ಬಣ್ಣ ಉಳಿದಿತ್ತು, ಅದರ ಮೇಲೆ ಒಂದಂಗುಲ ಚಿನ್ನದ ಗೆರೆ. ನನ್ನ ಗೆರೆ ನನಗೆ ಗೊತ್ತಾಗಲ್ವಾ ಮಕ್ಕಳೇ? ಕಲಿಯೋರ ಕೈ, ಮಧ್ಯದಲ್ಲಿ ಉಸಿರು ತಪ್ಪಿ ಸ್ವಲ್ಪ ದಪ್ಪ ಆಗಿದ್ದ ಗೆರೆ.

ಮುಂದಿನ ಫೋರ್ಕು ಬಾಗಿದ್ದ ರೀತಿ ನೋಡಿ ನಮ್ಮವರು ಎಲ್ಲಾ ಹೇಳಿದ್ರು. ಮೋರಿ ಅಂಚಿನ ಗೋಡೆ ಆವತ್ತಿನ ಮಳೆಗೆ ಕುಸಿದಿತ್ತು, ಅಲ್ಲಿಂದ ಬಿದ್ದಿದ್ದಾನೆ. ಸೈಕಲ್ಲು, ಡಬ್ಬಿ, ಎಲ್ಲಾ ಭಾರ ಕಾಲಿನ ಮೇಲೆ. ಹ್ಯಾಂಡಲ್ ನೀರಿನ ಮೇಲೇನೇ ಇದ್ದಿರ್ಬೇಕು, ಇಲ್ಲಾಂದ್ರೆ ಬೆಲ್ ಹೊಡೆಯೋಕಾಗ್ತಿರ್ಲಿಲ್ಲ... ಅಂದವರು ಅಲ್ಲಿಗೇ ನಿಲ್ಲಿಸಿಬಿಟ್ರು. ನನ್ನ ಮುಖಾನೂ ನೋಡ್ಲಿಲ್ಲ. ತೂಬು ಎತ್ತಿದ ಮೇಲೆ ಆ ನೀರು ಅವನನ್ನ ಹೊಳೆ ತನಕ ಒಯ್ದಿರ್ಬೇಕು, ಮೈ ಅಂತೂ ಸಿಗ್ಲೇ ಇಲ್ಲ.

ಈಗ್ಲೇ ಹೋಗಿ ಆಯಮ್ಮನಿಗೆ ಹೇಳೋಣ ನಡಿ ಅಂದ್ರು ನಮ್ಮವರು. ನಾನೇನಂದೆ ಗೊತ್ತಾ? ಈ ತುಕ್ಕಿನ ಎಲುಬು ತೋರ್ಸಿ ಹೇಳೋದಾ, ಮೊದಲು ಇದನ್ನ ಸರಿ ಮಾಡಿ, ಅವನು ಇಟ್ಕೊಂಡಿದ್ದ ಹಾಗೆ ಮಾಡಿ ಕೊಡೋಣ, ಅಂದೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಅದು ಬರೀ ಹೆದರಿಕೆ. ಎಂಟು ತಿಂಗಳು ಅದರಲ್ಲೇ ಕಳೆದೆ. ಡೀಸೆಲ್‌ನಲ್ಲಿ ನೆನೆಸಿ, ಪಿನ್ನು ಬಿಚ್ಚೋಕೇ ಹದಿನೈದು ದಿನ; ಅದೇ ಕಾಲದ ರಿಮ್ಮು ಹುಡುಕಿ, ಕಡ್ಡಿ ಹಾಕಿ, ಮೂರು ಸಲ ಕಪ್ಪು ಬಣ್ಣ, ಮೂರು ಸಲವೂ ಉಜ್ಜಿ... ಸೀಟಿಗೆ ಹೊಸ ಚರ್ಮ ನೆನೆಸಿ, ಎಳೆದು, ಹಲಗೆ ಥರ ಬಿಗಿಯಾಗಿ ಕೂರಿಸಿದ್ರು. ಹಳೇ ಬೆಲ್ ಕೈಗೆ ಬಂದಾಗ ಒಂದು ತುಕ್ಕಿನ ಉಂಡೆ, ಹಿಸುಕಿದ್ರೆ ಪುಡಿ. ಹೊಸದು ಹಾಕೋದು ಬೇಡ ಅಂತ ನಾನೇ ಅಂದೆ. ಬೆಲ್ ಅಂದ್ರೇನೇ ನನಗೆ ಆಗ್ತಿರ್ಲಿಲ್ಲ.

ಕೆಲಸ ಮುಗಿದು ಆ ಮೂಲೇಲಿ ನಿಲ್ಲಿಸಿದ್ವಿ. ಯಾರೂ ಹತ್ತಿಲ್ಲ, ಯಾರೂ ಮುಟ್ಟಿಲ್ಲ. ಎಂಟು ದಿನಕ್ಕೆ ನಮ್ಮವರು ನನ್ನ ಕರೆದು ಸೀಟು ತೋರ್ಸಿದ್ರು. ಹಲಗೆ ಥರ ಇದ್ದ ಚರ್ಮ... ಎಡಗಡೆ ತಗ್ಗಾಗಿತ್ತು. ಒಂದು ತಿಂಗಳಿಗೆ ಬಟ್ಟಲಾಯ್ತು. ಎಡಗಡೆ ಪೆಡಲ್ ರಬ್ಬರ್ ಹೊರಅಂಚಲ್ಲಿ ಸವೀತಾ ಬಂತು. ನಾವಿಬ್ಬರೂ ನೋಡೋದು, ಮಾತಾಡದೆ ಇರೋದು. ಅವರಿಗಂತೂ ಮೊದಲಿಂದ ಮಾತಿಲ್ಲ, ಈಗ ನನಗೂ ಇಲ್ಲ.

ಆಮೇಲೆ ಒಂದು ಸಂಜೆ, ಇದೇ ಜಾಗದಲ್ಲಿ ಕೂತು ನಾನು ಗೆರೆ ಎಳೀತಿದ್ದೆ, ಏಳಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಬೆಲ್ ಹೊಡೀತು. ಟ್ರಿಣ್ ಟ್ರಿಣ್ ಅಂತ ದಾರಿ ಬಿಡಿ ಅನ್ನೋ ಥರ ಅಲ್ಲ... ಒಂದೇ ಸಮ, ಬಿಡದೆ, ಬೆರಳು ನೋಯೋ ಹಾಗೆ. ನಾನು ತಲೆ ಎತ್ತಿ ನಮ್ಮವರನ್ನ ನೋಡ್ದೆ. ಅವರು ಸ್ಪ್ಯಾನರ್ ಹಿಡ್ಕೊಂಡು ಹಾಗೇ ನಿಂತಿದ್ರು. "ಅದಕ್ಕೆ ನಾವು ಬೆಲ್ ಹಾಕೇ ಇಲ್ವಲ್ಲೇ" ಅಂದ್ರು, ಮೆತ್ತಗೆ, ಮಗು ಥರ. ಹತ್ರ ಹೋಗಿ ನೋಡಿದ್ರೆ ಸೀಟು ಒದ್ದೆ.

ಒಂಬತ್ತು ಗಂಟೆಗೆ ನಿಂತು ಹೋಯ್ತು. ನಿಧಾನ ಆಗಿ ಆಗಿ ನಿಲ್ಲೋದಲ್ಲ... ಹೊಡೀತಾ ಹೊಡೀತಾ ಇದ್ದ ಹಾಗೇ, ಯಾರೋ ಕೈ ಕಿತ್ಕೊಂಡ ಹಾಗೆ.

ಮೂರು ದಿನ ತಡ್ಕೊಂಡೆ. ನಾಲ್ಕನೇ ಬೆಳಿಗ್ಗೆ ಹೊಲಿಗೆ ಅಕ್ಕನ ಮನೆಗೆ ಹೋದೆ.

ಮುಂದಿನ ಕೋಣೇಲಿ ಮಿಷನ್ ಮುಂದೆ ಕೂತಿದ್ಳು, ತಲೆ ಪೂರ್ತಿ ಬೆಳ್ಳಗಾಗಿತ್ತು. ಮಗಳು ಅಷ್ಟು ಹೊತ್ತಿಗೆ ಬೇರೆ ಊರಲ್ಲಿ ನರ್ಸ್ ಕೆಲಸದಲ್ಲಿದ್ಳು. ಮೂವತ್ತೊಂದು ವರ್ಷದಲ್ಲಿ ಅವಳ ಹೊಸ್ತಿಲು ನಾನು ತುಳಿದಿರ್ಲಿಲ್ಲ. ನಿಂತೇ ಹೇಳಿದೆ. ಎಲ್ಲಾ ಹೇಳಿದೆ, ಬಿಲ್ಲೆ, ಡಬ್ಬಿ, ಮೋರಿ, ತೂಬಿನ ಮುದುಕ, ನಾನು ತಲೆ ಆಡಿಸಿದ್ದು, "ಥರ" ಅನ್ನೋದನ್ನ ಬಿಟ್ಟದ್ದು, ಈಗ ಸಂಜೆ ಸಂಜೆ ಬೆಲ್ ಹೊಡೆಯೋದು. ಅವಳು ಮಿಷನ್ ನಿಲ್ಲಿಸ್ಲಿಲ್ಲ. ಆ ಸಾಲಿನ ಹೊಲಿಗೆ ಪೂರ್ತಿ ಮುಗಿಸಿ, ದಾರ ಕತ್ತರಿಸಿ, ಬಟ್ಟೆ ಮಡಚಿಟ್ಟಳು. ನನ್ನ ಹೊಡೀತಾಳೆ ಅಂದ್ಕೊಂಡೆ. ಹೊಡೀಲಿ ಅಂತಾನೂ ಅಂದ್ಕೊಂಡೆ.

"ಎಷ್ಟು ಹೊತ್ತು ಹೊಡೆದ ಬೆಲ್ಲು?" ಅಂತ ಕೇಳಿದ್ಳು.

ಸುಳ್ಳು ಹೇಳಬಹುದಿತ್ತು. ಸ್ವಲ್ಪ ಹೊತ್ತು ಅಷ್ಟೇ ಅಕ್ಕಾ, ಅನ್ನಬಹುದಿತ್ತು. ಒಂದು ಸಲ ಹೇಳಿದ ಸುಳ್ಳೇ ಸಾಕಾಗಿತ್ತು ನನಗೆ. ಎರಡು ಗಂಟೆ, ಅಂದೆ.

ಅವಳು ತನ್ನ ಕೈ ನೋಡ್ಕೊಂಡ್ಳು. ಆಮೇಲೆ ಅಂದ್ಳು, "ಆ ಹೊತ್ತಲ್ಲೇ ನಾನು ಬಾಗಿಲು ಹಾಕ್ಕೊಂಡು ಅವನನ್ನ ಶಪಿಸ್ತಿದ್ದೆ ಕಣೇ. ಆಮೇಲೂ ಬಿಡ್ಲಿಲ್ಲ. ಈ ಮಿಷನ್ ಮೇಲೆ ಎಷ್ಟು ಹೊಲಿಗೆ ಹಾಕಿದ್ದೀನೋ ಅಷ್ಟು ಸಲ ಬೈದಿದ್ದೀನಿ."

ಅವತ್ತು ಸಂಜೆ ಬಂದ್ಳು. ನಮ್ಮವರು ಕುರ್ಚಿ ಹಾಕಿದ್ರು. ಏಳಕ್ಕೆ ಹತ್ತು ನಿಮಿಷ ಇದ್ದ ಹಾಗೇ ಬೆಲ್ ಶುರುವಾಯ್ತು. ಅವಳು ಎದ್ದು ಹೋಗಿ ಸೀಟಿನ ಮೇಲೆ ಕೈ ಇಟ್ಟು, ಬಗ್ಗಿ, ಮಲಗಿರೋರನ್ನ ಎಬ್ಬಿಸೋ ಹಾಗೆ ಮಾತಾಡಿಸಿದ್ಳು. ಸಾಕು ಬಿಡು, ಬಂದಿದ್ದೀನಿ, ನಾನು ಬಂದಿದ್ದೀನಿ ಅಂದ್ಳು. ಟಾಕೀಸಿಲ್ಲ, ಜನ ಇಲ್ಲ, ಯಾರೂ ಕಾಯ್ತಿಲ್ಲ, ಮನೆಗೆ ನಡಿ ಅಂದ್ಳು. ಮಗಳ ಸುದ್ದಿ ಹೇಳಿದ್ಳು... ಅವನಿಗೆ ಮೊಮ್ಮಗ ಹುಟ್ಟಿರೋದು ಹೇಳಿದ್ಳು. ಬೆಲ್ ನಿಲ್ಲಲಿಲ್ಲ. ಅವನಿಗೆ ಕೇಳಿಸ್ತಾನೇ ಇರ್ಲಿಲ್ಲ, ಗೊತ್ತಾ? ಅವನ ಬೆಲ್ ನಮಗೆ ಕೇಳುತ್ತೆ, ನಮ್ಮ ಮಾತು ಅವನಿಗೆ ಕೇಳಲ್ಲ. ಅವನು ಇನ್ನೂ 'ಯಾರಾದ್ರೂ ಬರ್ತಾರೆ' ಅಂತ ಅಲ್ಲೇ ಇದ್ದಾನೆ, ನೀರಲ್ಲಿ, ಆ ಎರಡು ಗಂಟೆ ಒಳಗೆ. ಒಂಬತ್ತಕ್ಕೆ ನಿಂತಾಗ ಅವಳು ಕಿರುಚಿದ್ದು ನನ್ನ ಕಿವೀಲಿ ಇವತ್ತಿಗೂ ಇದೆ.

ಸೈಕಲ್ ನಿನ್ನದು ಅಕ್ಕಾ, ಕಳಿಸಿಕೊಡ್ಲಾ ಅಂದೆ. ಬೇಡ ಅಂದ್ಳು. "ನಿನ್ನ ಹತ್ರಾನೇ ಇರ್ಲಿ. ನೀನು ಕೇಳಿಸ್ಕೋ." ಅದು ಶಾಪವೋ, ಕ್ಷಮೆಯೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆದ್ರೆ ಒಬ್ಬಳನ್ನೇ ಬಿಡ್ಲಿಲ್ಲ ಅವಳು. ದಿನಾ ಬರೋಳು. ಒಂಬತ್ತು ವರ್ಷ ಬಂದ್ಳು, ಮಳೆ ಇರ್ಲಿ, ಜ್ವರ ಇರ್ಲಿ. ಇಬ್ಬರೂ ಈ ಗೋಡೆಗೆ ಒರಗಿ ಆ ಎರಡು ಗಂಟೆ ಕೂರ್ತಿದ್ವಿ. ಮೊದಮೊದಲು ಮಾತಿಲ್ಲ. ಆಮೇಲೆ ಅವಳು ಕಾಜ ಹೊಲಿಯೋಳು, ನಾನು ಕುಂಚ ತೊಳೆಯೋಳು. ಆಮೇಲೆ ಒಂದಿಷ್ಟು ಮಾತು... ಸೊಪ್ಪಿನದು, ಮಂಡಿ ನೋವಿಂದು. ನನ್ನ ಬದುಕಲ್ಲಿ ನನ್ನ ಮಾತನ್ನ ಅಷ್ಟು ಗಮನ ಇಟ್ಟು ಕೇಳಿದವರು ಬೇರೆ ಯಾರೂ ಇಲ್ಲ. ಯಾರಿಗೆ ನಾನು ಅಂಥ ಅನ್ಯಾಯ ಮಾಡಿದ್ನೋ, ಅವಳೇ.

ಅವಳು ತೀರಿಕೊಂಡ ಸಂಜೆ, ಇವತ್ತಿಗೆ ನಿಲ್ಲುತ್ತೆ, ಅವಳೇ ಹೋಗಿ ಕರ್ಕೊಂಡು ಬರ್ತಾಳೆ ಅಂತ ನಾನೂ ನಮ್ಮವರೂ ಕೂತಿದ್ವಿ. ಏಳಕ್ಕೆ ಹತ್ತು ನಿಮಿಷ... ಹೊಡೀತು. ನಮ್ಮವರು ಹೋದ ಮೇಲೂ ಹೊಡೀತು. ಈಗ ಹನ್ನೆರಡು ವರ್ಷ ಆಯ್ತು, ನಾನೊಬ್ಬಳೇ ಕೇಳ್ತಿದ್ದೀನಿ.

*

ಅಜ್ಜಿ ಮಾತು ನಿಲ್ಲಿಸಿ ಮೂಲೆಯ ಕಡೆ ನೋಡಿದರು. ಡಾಕ್ಟರು ಯಾವಾಗಲೋ ಟಾರ್ಚು ಆರಿಸಿ ಅದರಿಂದ ದೂರ ಬಂದು ಕೂತಿದ್ದರು. ಟೀಚರು ಕಣ್ಣೊರೆಸಿಕೊಂಡು, ನಾವು ಎಷ್ಟೋ ಸಲ ಈ ಹೊತ್ತಿನಲ್ಲಿ ಇಲ್ಲಿ ಇದ್ದೆವಲ್ಲ ಅಜ್ಜಿ, ಹೋದ ತಿಂಗಳು ಎಂಟರ ತನಕ ಕೂತಿದ್ದೆವಲ್ಲ, ನಮಗೆ ಯಾವತ್ತೂ ಏನೂ ಕೇಳಿಸಿಲ್ಲ ಅಂದರು.

"ಹೌದು ತಾಯಿ, ಕೇಳಿಸಿಲ್ಲ. ಗುಜರಿಯವನಿಗೂ ಕೇಳಿಸಿಲ್ಲ, ನೆರೆಮನೆಯವರಿಗೂ ಕೇಳಿಸಿಲ್ಲ. ಆವತ್ತು ಏನಾಯ್ತು ಅಂತ ಗೊತ್ತಿಲ್ಲದೋರಿಗೆ ಅದು ಕೇಳ್ಸೋದಿಲ್ಲ." ಅಜ್ಜಿ ನಮ್ಮ ಐವರ ಮುಖವನ್ನೂ ಒಂದೊಂದಾಗಿ ನೋಡಿದರು. "ನನಗೆ ಎಂಬತ್ತೆರಡು. ಇನ್ನೆಷ್ಟು ದಿನ ಕೂರ್ತೀನಿ ಇಲ್ಲಿ? ನಾನೂ ಹೋದ್ರೆ ಅವನು ಹೊಡೀತಾನೇ ಇರ್ತಾನೆ, ಕೇಳಿಸ್ಕೊಳ್ಳೋಕೆ ಒಂದು ಜೀವಾನೂ ಇರೋದಿಲ್ಲ... ಅದನ್ನ ನೆನೆಸಿಕೊಂಡ್ರೆ ನನಗೆ ನಿದ್ದೆ ಬರೋದಿಲ್ಲಪ್ಪ. ಅದಕ್ಕೇ ನಿಮಗೆಲ್ಲ ಹೇಳಿದ್ದು, ನನ್ನ ಮೇಲೆ ಕೋಪ ಮಾಡ್ಕೋಬೇಡಿ. ಟೈಮ್ ಎಷ್ಟು ಡಾಕ್ಟ್ರೇ?... ಹಾಂ. ಯಾರೂ ಏಳ್ಬೇಡಿ. ಹೆದರಬೇಡಿ, ಅವನು ಯಾರಿಗೂ ಏನೂ ಮಾಡೋದಿಲ್ಲ. ಕರೀತಾನೆ, ಅಷ್ಟೇ."